ಅಮೆರಿಕದ ಕಾಲೇಜಿಗೆ ಡೆಪಾಸಿಟ್ ಕಟ್ಟಿದ ಮೇಲೆ ವೇಟ್‌ಲಿಸ್ಟ್‌ನಿಂದ ಕರೆ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ಪಿಯುಸಿ ಅಥವಾ 12ನೇ ತರಗತಿ ಮುಗಿಸಿ ಅಮೆರಿಕದ ನಾಲ್ಕು ವರ್ಷದ ಪದವಿಗೆ ಹೊರಟವರು ಮತ್ತು ಅವರ ಮನೆಯವರು ಮಾರ್ಚ್‌ನಿಂದ ಜುಲೈವರೆಗೆ ಕೇಳುವ ಪ್ರಶ್ನೆಗಳು ಇವು. ಅಮೆರಿಕದಲ್ಲೇ ನೆಲೆಸಿರುವ ಕನ್ನಡದ ಮನೆಗಳಿಗೂ ಬಹುಪಾಲು ಅನ್ವಯಿಸುತ್ತವೆ. ವೀಸಾ ಭಾಗದಲ್ಲಿ ಅವರು ಕೊನೆಯ ಎರಡು ಪ್ರಶ್ನೆಗಳನ್ನಷ್ಟೇ ಓದಿದರೆ ಸಾಕು.

## ಡೆಪಾಸಿಟ್ ಮತ್ತು ಮೇ 1

ಎನ್‌ರೋಲ್‌ಮೆಂಟ್ ಡೆಪಾಸಿಟ್ ಅಂದರೆ ಏನು? ಫೀಸು ಬೇರೆ, ಇದು ಬೇರೆನಾ?

"ನಾನು ಬರುತ್ತೇನೆ, ಸೀಟು ಇಟ್ಟಿರಿ" ಎಂದು ಹೇಳಿ ಕಟ್ಟುವ ಮುಂಗಡ ಇದು. ಹೆಚ್ಚಿನ ಕಾಲೇಜುಗಳಲ್ಲಿ 200ರಿಂದ 1,000 ಡಾಲರ್ ಒಳಗಿರುತ್ತದೆ. ಸೇರಿದರೆ ಮೊದಲ ಸೆಮಿಸ್ಟರ್ ಬಿಲ್ಲಿನಲ್ಲಿ ವಜಾ ಮಾಡುತ್ತಾರೆ, ಸೇರದಿದ್ದರೆ ಸಾಮಾನ್ಯವಾಗಿ ಆ ಹಣ ಹೋದಂತೆಯೇ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಬರ್ಕ್ಲಿ, ಲಾಸ್ ಏಂಜಲೀಸ್ ಮುಂತಾದ ಕ್ಯಾಂಪಸ್‌ಗಳಲ್ಲಿ ಇದಕ್ಕೆ ಸ್ಟೇಟ್‌ಮೆಂಟ್ ಆಫ್ ಇಂಟೆಂಟ್ ಟು ರಿಜಿಸ್ಟರ್, ಚಿಕ್ಕದಾಗಿ ಎಸ್‌ಐಆರ್, ಎನ್ನುತ್ತಾರೆ. ಮೊತ್ತ 250 ಡಾಲರ್. ಹಾರ್ವರ್ಡ್, ಎಂಐಟಿಯಂಥ ಕೆಲವು ಕಡೆ ಡೆಪಾಸಿಟ್ಟೇ ಇಲ್ಲ, ಪೋರ್ಟಲ್‌ನಲ್ಲಿ ಒಪ್ಪಿಗೆ ಒತ್ತಿದರೆ ಸಾಕು.

ಹೌಸಿಂಗ್ ಡೆಪಾಸಿಟ್ ಎನ್ನುವುದು ಹಾಸ್ಟೆಲ್ ಕೋಣೆಗೆ ಕಟ್ಟುವುದು. ಅದರ ಕೊನೆಯ ದಿನಾಂಕ, ವಾಪಸಾತಿಯ ನಿಯಮ ಎರಡೂ ಬೇರೆ. ಎರಡನ್ನೂ ಒಂದೇ ಅಂದುಕೊಂಡು ಒಂದನ್ನು ಮಾತ್ರ ಕಟ್ಟಿ ಕೂತವರು ಪ್ರತಿ ವರ್ಷ ಇರುತ್ತಾರೆ.

ಮೇ 1ರೊಳಗೆ ಕಟ್ಟಲೇಬೇಕು ಅಂತಾರೆ. ಅದು ಅಲ್ಲಿಯ ಕಾನೂನಾ?

ಕಾನೂನಲ್ಲ, ರೂಢಿ. ಕಾಲೇಜುಗಳ ಪ್ರವೇಶ ಅಧಿಕಾರಿಗಳು ಮತ್ತು ಶಾಲಾ ಕೌನ್ಸೆಲರ್‌ಗಳ ಸಂಘವಾದ ನ್ಯಾಕ್ಯಾಕ್ ಬಹಳ ವರ್ಷ ಇದನ್ನು ನೀತಿಸಂಹಿತೆಯಾಗಿ ಪಾಲಿಸಿತ್ತು. ಮೇ 1ರ ನಂತರ ಬೇರೆ ಕಾಲೇಜಿಗೆ ಒಪ್ಪಿಗೆ ಕೊಟ್ಟ ವಿದ್ಯಾರ್ಥಿಯನ್ನು ಸೆಳೆಯಬಾರದು ಎಂಬ ಕಟ್ಟಳೆಯೂ ಅದರಲ್ಲಿತ್ತು. ಅಮೆರಿಕದ ನ್ಯಾಯ ಇಲಾಖೆ ಇದು ಪೈಪೋಟಿಗೆ ಅಡ್ಡಿ ಎಂದು ಆಕ್ಷೇಪಿಸಿದ ಮೇಲೆ 2019ರಲ್ಲಿ ಸಂಘ ಅದನ್ನು ಕೈಬಿಟ್ಟಿತು. ಹೀಗಾಗಿ ಈಗ ಮೇ 1 ದಾಟಿದ ಮೇಲೂ "ಇಷ್ಟು ಸ್ಕಾಲರ್‌ಶಿಪ್ ಹೆಚ್ಚಿಸುತ್ತೇವೆ, ಬರುತ್ತೀರಾ?" ಎಂಬ ಇಮೇಲ್ ಬಂದರೆ ಅದನ್ನು ವಂಚನೆ ಎಂದುಕೊಳ್ಳಬೇಕಿಲ್ಲ. ದಿನಾಂಕವೂ ಕಲ್ಲಿನಲ್ಲಿ ಕೊರೆದದ್ದಲ್ಲ. 2024ರಲ್ಲಿ ಫಾಫ್ಸಾ, ಅಂದರೆ ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವಿಗೆ ಹಾಕುವ, ಅರ್ಜಿಯ ಗೊಂದಲದಿಂದ ಹಲವು ಕಾಲೇಜುಗಳು ಮೇ 15ಕ್ಕೋ ಜೂನ್ 1ಕ್ಕೋ ಮುಂದೂಡಿದವು. ನಿಮ್ಮ ಆಫರ್ ಪತ್ರದಲ್ಲಿ ಇರುವ ದಿನಾಂಕವೇ ನಿಮಗೆ ಅಂತಿಮ.

ಬೆಂಗಳೂರಿನಿಂದ ಕಟ್ಟುವಾಗ ಕೊನೆ ಗಳಿಗೆ ಯಾವಾಗ?

ಪೂರ್ವ ಕರಾವಳಿಯ ಕಾಲೇಜು ಮೇ 1ರ ರಾತ್ರಿ 11:59 ಎಂದಿದ್ದರೆ ನಮಗದು ಮೇ 2ರ ಬೆಳಿಗ್ಗೆ 9:29. ಕ್ಯಾಲಿಫೋರ್ನಿಯಾ ಕಡೆಯದಾದರೆ ಮಧ್ಯಾಹ್ನ 12:29. ಆದರೆ ಈ ಲೆಕ್ಕ ನೆಚ್ಚಿಕೊಂಡು ಕೂರಬೇಡಿ. ಮೇ 1 ಕಾರ್ಮಿಕರ ದಿನ, ಕರ್ನಾಟಕದಲ್ಲಿ ಬ್ಯಾಂಕಿಗೆ ರಜೆ. ಕಾರ್ಡ್ ನಿರಾಕರಣೆಯಾದರೆ ಆ ದಿನ ಶಾಖೆಯಲ್ಲಿ ಕೇಳುವವರಿಲ್ಲ. ಏಪ್ರಿಲ್ 25ರ ಒಳಗೆ ಮುಗಿಸಿದರೆ ನಿಶ್ಚಿಂತೆ.

ಕಾರ್ಡ್‌ನಲ್ಲಿ ಕಟ್ಟೋದು ಒಳ್ಳೇದಾ, ಬ್ಯಾಂಕಿನಿಂದ ವೈರ್ ಮಾಡೋದಾ?

ಡೆಪಾಸಿಟ್‌ನಷ್ಟು ಸಣ್ಣ ಮೊತ್ತಕ್ಕೆ ಕಾರ್ಡೇ ಸಲೀಸು, ರಸೀದಿ ಆಗಲೇ ಕೈಗೆ ಬರುತ್ತದೆ. ಎರಡು ಅಡ್ಡಿಗಳು ಮಾತ್ರ ಸಾಮಾನ್ಯ. ಒಂದು, ಕಾರ್ಡ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆಫ್ ಆಗಿರುತ್ತದೆ. ಬ್ಯಾಂಕಿನ ಆ್ಯಪ್‌ನಲ್ಲಿ ಆನ್ ಮಾಡಿ, ಮಿತಿಯನ್ನೂ ಏರಿಸಿಟ್ಟುಕೊಳ್ಳಿ. ಇನ್ನೊಂದು, ಫಾರೆಕ್ಸ್ ಮಾರ್ಕಪ್, ಅಂದರೆ ರೂಪಾಯಿಯನ್ನು ಡಾಲರ್‌ಗೆ ಬದಲಿಸಲು ಬ್ಯಾಂಕ್ ಹಾಕುವ ಹೆಚ್ಚುವರಿ ಶುಲ್ಕ. ಹಲವು ಕಾರ್ಡ್‌ಗಳಲ್ಲಿ ಅದು 3.5%ವರೆಗೂ ಇದ್ದು, ಅದರ ಮೇಲೆ ಜಿಎಸ್‌ಟಿ ಬೇರೆ.

ವೈರ್ ಮಾಡುವುದಾದರೆ ಎ2 ಫಾರಂ (ವಿದೇಶಕ್ಕೆ ಹಣ ಕಳಿಸಲು ಬ್ಯಾಂಕಿನಲ್ಲಿ ತುಂಬುವುದು), ಪ್ಯಾನ್, ಆಫರ್ ಪತ್ರ ಬೇಕು. ಉದ್ದೇಶದ ಕೋಡ್ ಎಸ್0305, ಅಂದರೆ ವಿದೇಶಿ ಶಿಕ್ಷಣದ ಖರ್ಚು. ನಡುವಿನ ಬ್ಯಾಂಕ್ ತನ್ನ ಶುಲ್ಕ ಮುರಿದುಕೊಂಡು 500 ಡಾಲರ್ ಕಳಿಸಿದ್ದು 480 ಆಗಿ ತಲುಪಿದರೆ ಕಾಲೇಜಿನ ಲೆಕ್ಕದಲ್ಲಿ ನೀವು ಡೆಪಾಸಿಟ್ ಕಟ್ಟಿಲ್ಲ. ಅದಕ್ಕೇ ಫಾರಂನಲ್ಲಿ ಶುಲ್ಕವೆಲ್ಲ ಕಳಿಸುವವರದೇ ಎಂಬ 'ಅವರ್' ಆಯ್ಕೆಗೆ ಗುರುತು ಹಾಕಿ. ಫ್ಲೈವೈರ್, ಕನ್ವೆರಾದಂಥ ಪಾವತಿ ಸೇವೆಗಳ ಮೂಲಕ ಕಟ್ಟಿದರೆ ಈ ಕೊರತೆಯ ತೊಂದರೆ ಬಾರದು. ಯಾವ ದಾರಿಯಲ್ಲೂ ವಿದ್ಯಾರ್ಥಿಯ ಕಾಲೇಜು ಐಡಿ ಸಂಖ್ಯೆಯನ್ನು ಉಲ್ಲೇಖದ ಜಾಗದಲ್ಲಿ ಬರೆಯಲು ಮರೆಯಬೇಡಿ. ಅಪ್ಪನ ಹೆಸರಿನ ಖಾತೆಯಿಂದ ಬಂದ ಹಣ ಯಾವ ವಿದ್ಯಾರ್ಥಿಯದು ಎಂದು ಅಲ್ಲಿಯ ಗುಮಾಸ್ತರಿಗೆ ಬೇರೆ ಹೇಗೂ ಗೊತ್ತಾಗದು.

ಟಿಸಿಎಸ್, ಅಂದರೆ ವಿದೇಶಕ್ಕೆ ಹಣ ಕಳಿಸುವಾಗ ಬ್ಯಾಂಕ್ ವಸೂಲು ಮಾಡುವ ತೆರಿಗೆಯ, ಬಗ್ಗೆ ಚಿಂತೆ ಬೇಡ. 2025ರ ಏಪ್ರಿಲ್ 1ರಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟುವವರೆಗೆ ಅದಿಲ್ಲ. ವೈರ್ ಮಾಡಿದ ಡೆಪಾಸಿಟ್ ಆ ಲೆಕ್ಕಕ್ಕೆ ಸೇರಿಕೊಳ್ಳುತ್ತದೆ.

ಇಲ್ಲಿ ಸೀಟು ಬಿಟ್ಟರೆ ಫೀಸು ವಾಪಸ್ ಬರುತ್ತೆ. ಅಲ್ಲಿ ಯಾಕೆ ಇಲ್ಲ?

ನಮ್ಮಲ್ಲಿ ಯುಜಿಸಿ ಆದೇಶವಿದೆ. 2024-25ನೇ ಸಾಲಿಗೆ ಸೆಪ್ಟೆಂಬರ್ 30ರೊಳಗೆ ಬಿಟ್ಟವರಿಗೆ ಪೂರ್ತಿ ಫೀಸು ಮರಳಿಸಬೇಕೆಂದು ಅದು ಹೇಳಿತ್ತು. ಅಮೆರಿಕದಲ್ಲಿ ಎಲ್ಲ ಕಾಲೇಜಿಗೂ ಒಂದೇ ಸೂತ್ರ ಹಾಕುವ ಅಂಥ ಮಂಡಳಿ ಇಲ್ಲ. ಪ್ರತಿ ಕಾಲೇಜಿನದೂ ಅದರದೇ ನಿಯಮ. ಕೆಲವು ಕಡೆ ಮೇ 1ಕ್ಕೆ ಮುಂಚೆ ಲಿಖಿತವಾಗಿ ಹಿಂದೆ ಸರಿದರೆ ಮರಳಿಸುತ್ತಾರೆ, ಬಹಳ ಕಡೆ ಆ ಅವಕಾಶವೂ ಇಲ್ಲ. ವೀಸಾ ಸಿಗದಿದ್ದರೆ ಮಾತ್ರ ವಾಪಸ್ ಕೊಡುವ ಕಾಲೇಜುಗಳೂ ಇವೆ. ಅದಕ್ಕೆ ನಿರಾಕರಣೆಯ ಪತ್ರ ಕೇಳುತ್ತಾರೆ, ಅದನ್ನು ಎಸೆಯಬೇಡಿ.

## ವೇಟ್‌ಲಿಸ್ಟ್

ಎರಡು ಕಾಲೇಜಿಗೆ ಡೆಪಾಸಿಟ್ ಕಟ್ಟಿ ಇಟ್ಟುಕೊಂಡರೆ ಏನಾಗುತ್ತೆ?

ಎರಡು ದೋಣಿಯಲ್ಲಿ ಕಾಲಿಡುವ ಈ ಕೆಲಸಕ್ಕೆ ಡಬಲ್ ಡೆಪಾಸಿಟ್ ಎಂದು ಹೆಸರು. ಗೊತ್ತಾದರೆ ಎರಡೂ ಕಾಲೇಜುಗಳು ಸೀಟು ರದ್ದು ಮಾಡಬಹುದು. ಒಪ್ಪಿಗೆ ಕೊಡುವಾಗ "ಬೇರೆಲ್ಲೂ ಒಪ್ಪಿಕೊಂಡಿಲ್ಲ" ಎಂಬ ವಾಕ್ಯಕ್ಕೆ ಟಿಕ್ ಹಾಕಿರುತ್ತೀರಿ ಎಂಬುದು ನೆನಪಿರಲಿ. ಅಂತಿಮ ಅಂಕಪಟ್ಟಿಯನ್ನು ಎರಡು ಕಡೆ ಕಳಿಸಿ ಎಂದಾಗ ಶಾಲೆಯ ಕೌನ್ಸೆಲರ್‌ಗೂ ತಿಳಿಯುತ್ತದೆ. ಒಂದು ಕಡೆ ಡೆಪಾಸಿಟ್, ಇನ್ನೊಂದು ಕಡೆ ವೇಟ್‌ಲಿಸ್ಟ್: ಇದು ಬೇರೆಯೇ ವಿಷಯ. ಇದರಲ್ಲಿ ತಪ್ಪೂ ಇಲ್ಲ, ಮುಚ್ಚುಮರೆಯೂ ಬೇಕಿಲ್ಲ.

ವೇಟ್‌ಲಿಸ್ಟ್ ಖಂಡಿತ ಕ್ಲಿಯರ್ ಆಗುತ್ತೆ ಅಂತ ಕನ್ಸಲ್ಟೆಂಟ್ ಹೇಳ್ತಿದ್ದಾರೆ. ಬೇರೆಲ್ಲೂ ಡೆಪಾಸಿಟ್ ಕಟ್ಟದೆ ಕಾಯಬಹುದಾ?

ಬೇಡ. ಮೇ 1ರೊಳಗೆ ಕೈಲಿರುವ ಆಫರ್‌ಗಳಲ್ಲಿ ಒಂದಕ್ಕೆ ಕಟ್ಟಿಬಿಡಿ. ರೈಲಿನ ವೇಟಿಂಗ್ ಲಿಸ್ಟ್‌ನಂತೆ ಇಲ್ಲಿ ನಿಮ್ಮ ಸಂಖ್ಯೆ ಇಷ್ಟು ಎಂದು ಇರುವುದಿಲ್ಲ. ಹೆಚ್ಚಿನ ಕಾಲೇಜುಗಳು ವೇಟ್‌ಲಿಸ್ಟ್‌ನಲ್ಲಿ ಕ್ರಮಾಂಕವನ್ನೇ ಕೊಡವು. ಮೇ 1ರ ಬಳಿಕ ಯಾವ ವಿಭಾಗದಲ್ಲಿ ಎಷ್ಟು ಜನ ಕಡಿಮೆಯಾದರು ಎಂದು ನೋಡಿ ಆ ಜಾಗಕ್ಕೆ ಹೊಂದುವವರನ್ನು ಕರೆಯುತ್ತವೆ. ಕಂಪ್ಯೂಟರ್ ಸೈನ್ಸ್ ತುಂಬಿದ್ದು ಭೂಗರ್ಭಶಾಸ್ತ್ರದಲ್ಲಿ ಜಾಗವಿದ್ದರೆ ನಿಮ್ಮ ಕಂಪ್ಯೂಟರ್ ಸೈನ್ಸ್ ಅರ್ಜಿಗೆ ಕರೆ ಬಾರದು.

ಅಂದಾಜು ಬೇಕಿದ್ದರೆ ಕಾಲೇಜಿನ ಹೆಸರಿನ ಜೊತೆ 'ಕಾಮನ್ ಡೇಟಾ ಸೆಟ್' ಎಂದು ಹುಡುಕಿ ಸಿ2 ಭಾಗ ತೆರೆಯಿರಿ. ಎಷ್ಟು ಜನರಿಗೆ ವೇಟ್‌ಲಿಸ್ಟ್ ಕೊಟ್ಟರು, ಎಷ್ಟು ಜನ ಒಪ್ಪಿದರು, ಕೊನೆಗೆ ಎಷ್ಟು ಜನರಿಗೆ ಸೀಟು ಸಿಕ್ಕಿತು ಎಂಬ ಮೂರು ಸಂಖ್ಯೆ ಅಲ್ಲಿವೆ. ಮೂರನೆಯದನ್ನು ಎರಡನೆಯದರಿಂದ ಭಾಗಿಸಿ. ಕನಿಷ್ಠ ಮೂರು ವರ್ಷದ್ದು ನೋಡಿ, ಒಂದೇ ಕಾಲೇಜಿನಲ್ಲಿ ಒಂದು ವರ್ಷ ನೂರಾರು, ಮರುವರ್ಷ ಸೊನ್ನೆ ಇರುವುದುಂಟು. ಅದೇ ದಾಖಲೆಯ ಸಿ17ರಲ್ಲಿ ಹೌಸಿಂಗ್ ಡೆಪಾಸಿಟ್ ಎಷ್ಟು, ಬಿಟ್ಟರೆ ಮರಳುತ್ತದೆಯೇ ಎಂಬುದೂ ಇದೆ. "ಖಂಡಿತ" ಎನ್ನುವ ಕನ್ಸಲ್ಟೆಂಟ್‌ಗೆ ಈ ಸಂಖ್ಯೆ ತೋರಿಸಿ ಕೇಳಿ ನೋಡಿ.

ವೇಟ್‌ಲಿಸ್ಟ್‌ನಲ್ಲಿ ಇರೋಕೆ ದುಡ್ಡು ಕಟ್ಟಬೇಕಾ?

ಇಲ್ಲ. ಅದಕ್ಕೆ ಹಣ ಕೇಳಬಾರದೆಂಬುದು ನ್ಯಾಕ್ಯಾಕ್ ಮಾರ್ಗಸೂಚಿ. ಆದರೆ ಪೋರ್ಟಲ್‌ನಲ್ಲಿ "ಪಟ್ಟಿಯಲ್ಲಿ ಉಳಿಯುತ್ತೇನೆ" ಎಂದು ನೀವೇ ಒಪ್ಪಬೇಕು. ಸುಮ್ಮನಿದ್ದರೆ ಹೆಸರು ಬಿದ್ದುಹೋಗುತ್ತದೆ.

ಕರೆ ಬರುವಂತೆ ಮಾಡೋಕೆ ಏನಾದರೂ ಮಾಡಬಹುದಾ?

ಒಂದೇ ಒಂದು ಪತ್ರ, ಒಂದು ಪುಟ ಮೀರದಂತೆ. ಇದಕ್ಕೆ ಲೆಟರ್ ಆಫ್ ಕಂಟಿನ್ಯೂಡ್ ಇಂಟರೆಸ್ಟ್ ಎನ್ನುತ್ತಾರೆ. ಅರ್ಜಿ ಹಾಕಿದ ನಂತರ ಬಂದ ಅಂಕ, ಮುಗಿಸಿದ ಕೆಲಸ, ಆ ಕಾಲೇಜಿನಲ್ಲೇ ಓದಬೇಕೆನ್ನಲು ನಿರ್ದಿಷ್ಟ ಕಾರಣ ಇಷ್ಟಿರಲಿ. ಕರೆದರೆ ಖಂಡಿತ ಸೇರುವಿರಾದರೆ ಹಾಗೆಂದು ಬರೆಯಿರಿ, ಇಲ್ಲದಿದ್ದರೆ ಬರೆಯಬೇಡಿ. ದ್ವಿತೀಯ ಪಿಯುಸಿ ಅಥವಾ ಸಿಬಿಎಸ್‌ಇ ಫಲಿತಾಂಶ ಬಂದ ಕೂಡಲೇ ಅದನ್ನು ಪೋರ್ಟಲ್‌ಗೆ ಹಾಕಿ. ಕೆಲವು ಕಾಲೇಜುಗಳು ಹೆಚ್ಚುವರಿ ಏನನ್ನೂ ಕಳಿಸಬೇಡಿ ಎನ್ನುತ್ತವೆ, ಅಲ್ಲಿ ಕಳಿಸಬಾರದು. ಅಪ್ಪ, ಅಮ್ಮ ಫೋನ್ ಮಾಡುವುದು, ಹಳೆಯ ವಿದ್ಯಾರ್ಥಿಯಾದ ದೊಡ್ಡಪ್ಪನ ಮಗನಿಂದ ಹೇಳಿಸುವುದು ಇವೆಲ್ಲ ವಿದ್ಯಾರ್ಥಿಗೇ ಮುಜುಗರ.

## ಕರೆ ಬಂದ ಮೇಲೆ

ಕರೆ ಬಂತು. ಯೋಚನೆ ಮಾಡೋಕೆ ಎಷ್ಟು ದಿನ ಕೊಡ್ತಾರೆ?

ಹೆಚ್ಚೆಂದರೆ ಒಂದು ವಾರ, ಕೆಲವು ಕಡೆ 48 ಗಂಟೆ ಅಥವಾ ಇನ್ನೂ ಕಡಿಮೆ. ಕರೆಗಳು ಹೆಚ್ಚಾಗಿ ಮೇ, ಜೂನ್‌ನಲ್ಲಿ, ಅಪರೂಪಕ್ಕೆ ಜುಲೈ, ಆಗಸ್ಟ್‌ವರೆಗೂ ಬರುತ್ತವೆ. ಮೇ, ಜೂನ್ ಎರಡು ತಿಂಗಳು ಸ್ಪ್ಯಾಮ್ ಫೋಲ್ಡರ್ ಸೇರಿ ದಿನಕ್ಕೆರಡು ಸಲ ಇಮೇಲ್ ನೋಡಿ. ಆರ್ಥಿಕ ನೆರವಿನ ಪತ್ರ ಇನ್ನೂ ಬಂದಿಲ್ಲದಿದ್ದರೆ ಗಡುವನ್ನು ಎರಡು, ಮೂರು ದಿನ ಮುಂದೂಡಿ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮೊದಲ ಕಾಲೇಜು ಸ್ಕಾಲರ್‌ಶಿಪ್ ಕೊಟ್ಟಿತ್ತು. ಎರಡನೆಯದು ಕೊಡುತ್ತಾ?

ಕಡಿಮೆ. ಮೆರಿಟ್ ಸ್ಕಾಲರ್‌ಶಿಪ್‌ನ ಹಣ ಏಪ್ರಿಲ್‌ಗೇ ಬಹುಪಾಲು ಹಂಚಿಹೋಗಿರುತ್ತದೆ. ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಹೆಚ್ಚಿನ ಕಾಲೇಜುಗಳು ಹಣ ಕಟ್ಟುವ ಶಕ್ತಿಯನ್ನು ನೋಡಿಯೇ ಕರೆಯುತ್ತವೆ, ವೇಟ್‌ಲಿಸ್ಟ್‌ನಲ್ಲಂತೂ ಇದು ಇನ್ನೂ ಬಿಗಿ. ಹಾಗಾಗಿ ಕಳೆದುಹೋಗುವ ಡೆಪಾಸಿಟ್ ಬಗ್ಗೆ ಅಲ್ಲ, ಈ ವ್ಯತ್ಯಾಸದ ಬಗ್ಗೆ ತಲೆ ಕೆಡಿಸಿಕೊಳ್ಳಿ.

ಒಂದು ಲೆಕ್ಕ ಹಾಕೋಣ. ಮೊದಲ ಕಾಲೇಜಿಗೆ ಕಟ್ಟಿದ 500 ಡಾಲರ್, ಹೌಸಿಂಗ್‌ನ 200 ಡಾಲರ್ ಹೋಯಿತು. ಒಟ್ಟು 700. ಅದೇ ಕಾಲೇಜು ವರ್ಷಕ್ಕೆ 12,000 ಡಾಲರ್ ಸ್ಕಾಲರ್‌ಶಿಪ್ ಕೊಟ್ಟಿದ್ದು, ಹೊಸದು ಏನೂ ಕೊಡದಿದ್ದರೆ ನಾಲ್ಕು ವರ್ಷಕ್ಕೆ 48,000 ಡಾಲರ್. ಎರಡರ ವಾರ್ಷಿಕ ಫೀಸಿನ ಅಂತರವನ್ನೂ ನಾಲ್ಕರಿಂದ ಗುಣಿಸಿ ಇದಕ್ಕೆ ಸೇರಿಸಿ. ಎಷ್ಟೋ ಮನೆಗಳಲ್ಲಿ ಡೆಪಾಸಿಟ್‌ನ 700ರ ಬಗ್ಗೆ ಒಂದು ವಾರ ಚರ್ಚೆಯಾಗುತ್ತದೆ, 48,000ದ ಬಗ್ಗೆ ಮಾತೇ ಬರುವುದಿಲ್ಲ.

ಅಮೆರಿಕದ ಪೌರರು ಮತ್ತು ಗ್ರೀನ್ ಕಾರ್ಡ್ ಇರುವವರು ಹೊಸ ಕಾಲೇಜನ್ನು ಫಾಫ್ಸಾ ಅರ್ಜಿಯಲ್ಲಿ ಸೇರಿಸಬೇಕು. ಆನ್‌ಲೈನ್‌ನಲ್ಲಿ 20 ಕಾಲೇಜುಗಳವರೆಗೆ ಸೇರಿಸಬಹುದು.

ಯಾವ ಕ್ರಮದಲ್ಲಿ ಬದಲಾಯಿಸಬೇಕು? ಮೊದಲು ಹಳೆಯದು ಬಿಡಬೇಕಾ?

ಹಳೆಯದನ್ನು ಮೊದಲು ಬಿಡಬೇಡಿ. ಹೊಸ ಕಾಲೇಜಿನ ಆಫರ್ ಲಿಖಿತವಾಗಿ ಪೋರ್ಟಲ್‌ನಲ್ಲಿ ಕಾಣಬೇಕು. ಫೋನ್‌ನಲ್ಲಿ "ಸೀಟು ಕೊಟ್ಟರೆ ಬರುತ್ತೀರಾ?" ಎಂದು ಕೇಳಿದ್ದು ಆಫರ್ ಅಲ್ಲ. ವಿಭಾಗ ಯಾವುದು, ಆಗಸ್ಟ್‌ಗೋ ಜನವರಿಗೋ, ಹಾಸ್ಟೆಲ್ ಖಾತ್ರಿಯೋ, ನೆರವು ಎಷ್ಟು ಎಂದು ನೋಡಿ. ವೇಟ್‌ಲಿಸ್ಟ್‌ನವರಿಗೆ ಜನವರಿ ಪ್ರವೇಶವನ್ನಷ್ಟೇ ಕೊಡುವುದು, ಹಾಸ್ಟೆಲ್ ಕೊಡದಿರುವುದು ಎರಡೂ ಉಂಟು. ಎಲ್ಲ ಸರಿ ಎನಿಸಿದರೆ ಹೊಸ ಡೆಪಾಸಿಟ್ ಕಟ್ಟಿ, ಒಪ್ಪಿಗೆ ದಾಖಲಾದ ಇಮೇಲ್ ಉಳಿಸಿಕೊಳ್ಳಿ. ಆಮೇಲೆ, ಅದೇ ದಿನ ಅಥವಾ ಮರುದಿನ, ಹಳೆಯ ಕಾಲೇಜಿಗೆ ತಿಳಿಸಿ. ಈ ಒಂದೆರಡು ದಿನ ಎರಡೂ ಕಡೆ ಹೆಸರಿರುವುದನ್ನು ಯಾರೂ ಡಬಲ್ ಡೆಪಾಸಿಟ್ ಎನ್ನುವುದಿಲ್ಲ.

ಹಳೆಯ ಕಾಲೇಜಿಗೆ ಏನು ಬರೆಯಬೇಕು? ಬೈತಾರಾ?

ಬೈಯುವುದಿಲ್ಲ. ಬೇಸಿಗೆಯಲ್ಲಿ ಇಷ್ಟು ಜನ ಜಾರುತ್ತಾರೆ ಎಂದು ಲೆಕ್ಕ ಹಾಕಿಯೇ ಅವರು ಸೀಟು ಕೊಟ್ಟಿರುತ್ತಾರೆ. ನಿಮ್ಮ ಜಾಗ ಅವರ ವೇಟ್‌ಲಿಸ್ಟ್‌ನಲ್ಲಿರುವ ಇನ್ನೊಬ್ಬರಿಗೆ ಹೋಗುವುದರಿಂದ ತಡಮಾಡದಿರುವುದೇ ಸೌಜನ್ಯ. ಪೋರ್ಟಲ್‌ನಲ್ಲಿ ಹಿಂದೆ ಸರಿಯುವ ಫಾರಂ ಇದ್ದರೆ ಅದನ್ನೇ ತುಂಬಿ. ಇಲ್ಲವಾದರೆ ವಿದ್ಯಾರ್ಥಿಯ ಇಮೇಲ್‌ನಿಂದಲೇ ಪ್ರವೇಶ ವಿಭಾಗಕ್ಕೆ ನಾಲ್ಕು ಸಾಲು ಸಾಕು: ಪೂರ್ಣ ಹೆಸರು ಮತ್ತು ಐಡಿ, ವೇಟ್‌ಲಿಸ್ಟ್‌ನಿಂದ ಬೇರೆ ಕಾಲೇಜಿನಲ್ಲಿ ಸೀಟು ಸಿಕ್ಕಿದ್ದರಿಂದ ಪ್ರವೇಶ ರದ್ದು ಮಾಡಿ ಎಂಬ ಕೋರಿಕೆ, ಹಾಸ್ಟೆಲ್, ಊಟದ ಪ್ಲಾನ್, ಓರಿಯೆಂಟೇಶನ್ ನೋಂದಣಿ ರದ್ದು ಮಾಡಿ ಮರಳಬೇಕಾದ ಹಣವಿದ್ದರೆ ತಿಳಿಸಿ ಎಂಬುದು, ಧನ್ಯವಾದ. ಯಾವ ಕಾಲೇಜಿಗೆ ಹೋಗುತ್ತಿದ್ದೀರಿ ಎಂದು ಹೇಳುವುದು ನಿಮ್ಮಿಷ್ಟ.

ಹಾಸ್ಟೆಲ್ ಮತ್ತು ಪ್ರವೇಶ ವಿಭಾಗ ಎಷ್ಟೋ ಕಡೆ ಒಂದರೊಡನೊಂದು ಮಾತಾಡುವುದಿಲ್ಲ. ಹಾಸ್ಟೆಲ್ ಒಪ್ಪಂದವನ್ನು ಬೇರೆಯಾಗಿ ರದ್ದು ಮಾಡದಿದ್ದರೆ ಆಗಸ್ಟ್‌ನಲ್ಲಿ ಬಿಲ್ ಬರಬಹುದು. ಶಾಲೆಯ ಕೌನ್ಸೆಲರ್‌ಗೂ ತಿಳಿಸಿ, ಅಂತಿಮ ಅಂಕಪಟ್ಟಿ ಹೊಸ ವಿಳಾಸಕ್ಕೆ ಹೋಗಬೇಕು.

ಅರ್ಲಿ ಡಿಸಿಷನ್‌ನಲ್ಲಿ ಸೀಟು ಸಿಕ್ಕಿದೆ. ಇನ್ನೊಂದು ಕಾಲೇಜಿನ ವೇಟ್‌ಲಿಸ್ಟ್‌ನಲ್ಲಿ ಇರಬಹುದಾ?

ಇಲ್ಲ. ಅರ್ಲಿ ಡಿಸಿಷನ್ ಎಂದರೆ ಸೀಟು ಸಿಕ್ಕರೆ ಸೇರಲೇಬೇಕು ಎಂಬ ಒಪ್ಪಂದ, ಅದಕ್ಕೆ ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕಿರುತ್ತಾರೆ. ಉಳಿದ ಅರ್ಜಿಗಳನ್ನೆಲ್ಲ ಹಿಂಪಡೆಯಬೇಕು. ನೆರವು ಸಾಲದೆ ಹೋದರೆ ಮಾತ್ರ ಬಿಡಿಸಿಕೊಳ್ಳಲು ದಾರಿಯಿದೆ, ಅದೂ ಕಾಲೇಜಿನೊಡನೆ ಮಾತಾಡಿ.

ಎಂಎಸ್, ಪಿಎಚ್‌ಡಿಗೂ ಇದೇ ನಿಯಮಾನಾ?

ಅಲ್ಲ. ಅಲ್ಲಿ ಏಪ್ರಿಲ್ 15 ಮುಖ್ಯ. ಕೌನ್ಸಿಲ್ ಆಫ್ ಗ್ರಾಜುಯೇಟ್ ಸ್ಕೂಲ್ಸ್‌ನ ನಿರ್ಣಯಕ್ಕೆ ಸಹಿ ಹಾಕಿದ ವಿಶ್ವವಿದ್ಯಾಲಯಗಳು, ಅಸಿಸ್ಟೆಂಟ್‌ಶಿಪ್ ಅಥವಾ ಫೆಲೋಶಿಪ್ ಸೇರಿದ ಆಫರ್‌ಗೆ ಆ ದಿನದವರೆಗೆ ಉತ್ತರ ಕೇಳಿ ಒತ್ತಾಯಿಸುವಂತಿಲ್ಲ. ನೆರವಿಲ್ಲದ ಎಂಎಸ್ ಆಫರ್‌ಗಳು ಅದರಲ್ಲಿ ಸೇರಿಲ್ಲ.

## ವೀಸಾ, ಸಾಲ ಮತ್ತು ತಡವಾಗಿ ಬದಲಿಸುವವರಿಗೆ

ಮೊದಲ ಕಾಲೇಜಿನ ಐ-20 ಬಂದಿದೆ, ಸೆವಿಸ್ ಫೀಸು ಕಟ್ಟಿದೀವಿ. ಮತ್ತೆ ಕಟ್ಟಬೇಕಾ?

ಬೇಕಿಲ್ಲ. ಐ-20 ಎಂದರೆ ವಿದ್ಯಾರ್ಥಿ ವೀಸಾಕ್ಕಾಗಿ ಕಾಲೇಜು ಕೊಡುವ ಪ್ರಮಾಣಪತ್ರ, ಸೆವಿಸ್ ಎಂದರೆ ವಿದೇಶಿ ವಿದ್ಯಾರ್ಥಿಗಳ ದಾಖಲೆ ಇಡುವ ಅಮೆರಿಕ ಸರ್ಕಾರದ ವ್ಯವಸ್ಥೆ. ಎಫ್-1, ಅಂದರೆ ವಿದ್ಯಾರ್ಥಿ ವೀಸಾದ, ಸೆವಿಸ್ ಫೀಸು 350 ಡಾಲರ್. ಅದನ್ನು ಹಳೆಯ ಸೆವಿಸ್ ಸಂಖ್ಯೆಯಿಂದ (ಎನ್ ಅಕ್ಷರದಿಂದ ಶುರುವಾಗುವುದು) ಹೊಸ ಸಂಖ್ಯೆಗೆ ವರ್ಗಾಯಿಸಿ ಎಂದು ಫೀಸು ಕಟ್ಟಿದ ಸರ್ಕಾರಿ ತಾಣದಲ್ಲೇ ಕೋರಬಹುದು. ಎರಡೂ ಐ-20 ಮತ್ತು ರಸೀದಿ ಹತ್ತಿರ ಇರಲಿ. ವರ್ಗಾವಣೆ ಮುಗಿಯುವವರೆಗೆ ಹಳೆಯ ಕಾಲೇಜಿನ ಐ-20ಯನ್ನು ರದ್ದು ಮಾಡಿಸಲು ಆತುರಪಡಬೇಡಿ. ಬದಲಿಗೆ ಎರಡೂ ಕಾಲೇಜಿನ ವಿದೇಶಿ ವಿದ್ಯಾರ್ಥಿ ಅಧಿಕಾರಿಗಳನ್ನು, ಅಂದರೆ ಡಿಎಸ್‌ಒಗಳನ್ನು, ಹಳೆಯ ದಾಖಲೆಯನ್ನೇ ವರ್ಗಾಯಿಸುವಿರೋ ಅಥವಾ ಹೊಸದನ್ನೇ ತೆರೆಯುವಿರೋ ಎಂದು ಕೇಳಿ. ವರ್ಗಾಯಿಸಿದರೆ ಸೆವಿಸ್ ಸಂಖ್ಯೆ ಬದಲಾಗುವುದಿಲ್ಲ, ಫೀಸಿನ ಪ್ರಶ್ನೆಯೇ ಏಳದು.

ಹೊಸ ಐ-20ಗೆ ಆ ಕಾಲೇಜಿನ ಮೊದಲ ವರ್ಷದ ಪೂರ್ತಿ ಖರ್ಚಿಗೆ ಹಣವಿದೆ ಎಂದು ತೋರಿಸಬೇಕು. ಹಳೆಯದಕ್ಕೆ ಕೊಟ್ಟ ಬ್ಯಾಂಕ್ ಪತ್ರದ ಮೊತ್ತ ಸಾಲದೇ ಹೋಗಬಹುದು.

ವೀಸಾ ಸಂದರ್ಶನ ಇನ್ನೂ ಆಗಿಲ್ಲ / ಆಗಿಹೋಗಿದೆ. ಏನು ವ್ಯತ್ಯಾಸ?

ಆಗಿಲ್ಲದಿದ್ದರೆ ಡಿಎಸ್-160 ಎಂಬ ವೀಸಾ ಅರ್ಜಿಯನ್ನು ಹೊಸದಾಗಿ ತುಂಬಿ, ಅಪಾಯಿಂಟ್‌ಮೆಂಟ್ ಖಾತೆಯಲ್ಲಿ ಅದರ ಸಂಖ್ಯೆ ಬದಲಿಸಿ, ಹೊಸ ಐ-20 ತೆಗೆದುಕೊಂಡು ಹೋಗಿ. ಸಂದರ್ಶನಕ್ಕೆ ತಂದ ಕಾಗದದ ಸಂಖ್ಯೆಯೂ ಖಾತೆಯಲ್ಲಿರುವುದೂ ಒಂದೇ ಆಗಿರಬೇಕು.

ವೀಸಾ ಈಗಾಗಲೇ ಬಂದಿದ್ದರೆ ವಿಷಯ ಗಡುಸು. ವೀಸಾದ ಮೇಲೆ ಕಾಲೇಜಿನ ಹೆಸರು, ಸೆವಿಸ್ ಸಂಖ್ಯೆ ಅಚ್ಚಾಗಿರುತ್ತದೆ. ಮೊದಲ ಸಲ ಅಮೆರಿಕಕ್ಕೆ ಕಾಲಿಡುವಾಗ ವೀಸಾದ ಮೇಲಿನ ಹೆಸರೂ ಕೈಲಿರುವ ಐ-20ಯೂ ಹೊಂದದಿದ್ದರೆ ವಿಮಾನ ನಿಲ್ದಾಣದಲ್ಲೇ ತೊಡಕು. ಸುರಕ್ಷಿತ ದಾರಿ ಎಂದರೆ ಹೊಸ ವೀಸಾ. ಅಂದರೆ ಮತ್ತೆ 185 ಡಾಲರ್ ಅರ್ಜಿ ಶುಲ್ಕ, ಮತ್ತೆ ಸ್ಲಾಟ್. "ಹಳೆ ಕಾಲೇಜಿನ ಐ-20 ತೋರಿಸಿ ಒಳಗೆ ಹೋಗಿ ಆಮೇಲೆ ಬದಲಿಸಿಕೊಳ್ಳಿ" ಎಂಬ ಪುಕ್ಕಟೆ ಸಲಹೆ ಕೇಳಬೇಡಿ. ಸೇರುವ ಉದ್ದೇಶವೇ ಇಲ್ಲದ ಕಾಲೇಜಿನ ಹೆಸರಲ್ಲಿ ಪ್ರವೇಶಿಸುವುದು ಮುಂದಿನ ಪ್ರತಿ ವೀಸಾಕ್ಕೂ ಕುತ್ತು ತರಬಲ್ಲದು.

ಬೆಂಗಳೂರಿನಲ್ಲಿ 2025ರ ಜನವರಿಯಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾದರೂ ವೀಸಾ ಸೇವೆ ಆಗಲೇ ಆರಂಭವಾಗಲಿಲ್ಲ. ಕರ್ನಾಟಕದವರು ಚೆನ್ನೈ, ಹೈದರಾಬಾದ್ ಕಡೆಯೇ ಸ್ಲಾಟ್ ಹುಡುಕುತ್ತಿದ್ದರು. ಅದೇ ವರ್ಷ ಮೇ ಕೊನೆಯಿಂದ ಜೂನ್ ಮಧ್ಯದವರೆಗೆ ವಿದ್ಯಾರ್ಥಿ ವೀಸಾಕ್ಕೆ ಹೊಸ ಸ್ಲಾಟ್ ಕೊಡುವುದನ್ನೇ ನಿಲ್ಲಿಸಿದ್ದರು. ಕೈಲಿ ಸ್ಟ್ಯಾಂಪ್ ಆದ ವೀಸಾ ಇದ್ದು, ಜೂನ್ ಮಧ್ಯ ಕಳೆದು ಕರೆ ಬಂದರೆ, ಹೊಸ ಕಾಲೇಜು ನಿಜಕ್ಕೂ ಎಷ್ಟು ಮೇಲು ಎಂದು ಕಠಿಣವಾಗಿ ಕೇಳಿಕೊಳ್ಳಿ. ರ‍್ಯಾಂಕಿಂಗ್‌ನಲ್ಲಿ ಹತ್ತು ಸ್ಥಾನ ಮೇಲಿದೆ ಎಂಬುದು ನಮ್ಮ ದೃಷ್ಟಿಯಲ್ಲಿ ಸಾಕಾದ ಕಾರಣವಲ್ಲ.

ಎಜುಕೇಶನ್ ಲೋನ್ ಸ್ಯಾಂಕ್ಷನ್ ಆಗಿದೆ. ಕಾಲೇಜು ಬದಲಾದರೆ?

ಸ್ಯಾಂಕ್ಷನ್ ಪತ್ರ ಒಂದು ಕಾಲೇಜು, ಒಂದು ಕೋರ್ಸಿನ ಹೆಸರಿನಲ್ಲಿ ಇರುತ್ತದೆ. ಹೊಸ ಆಫರ್ ಪತ್ರ ಮತ್ತು ಖರ್ಚಿನ ಪಟ್ಟಿ ಕೊಟ್ಟು ತಿದ್ದಿಸಿಕೊಳ್ಳಬೇಕು. ಅಡಮಾನವಿಟ್ಟ ಮನೆ, ಸೈಟಿನ ಕಾನೂನು ಪರಿಶೀಲನೆ ಆಗಿದ್ದರೆ ಅದನ್ನು ಸಾಮಾನ್ಯವಾಗಿ ಮತ್ತೆ ಮಾಡಿಸುವುದಿಲ್ಲ. ಆದರೆ ಮೊತ್ತ ಏರಿದರೆ ಫೈಲು ಮತ್ತೆ ಮೇಲಿನವರೆಗೆ ಹೋಗಿಬರಬೇಕು. ಮೊದಲ ಕಂತು ಹಳೆಯ ಕಾಲೇಜಿಗೆ ಬಿಡುಗಡೆಯಾಗುವ ಮುಂಚೆ ತಡೆಯಿರಿ. ಹೋದ ಮೇಲೆ ವಾಪಸ್ ತರಿಸಲು ವಾರಗಳು ಬೇಕು, ಅಷ್ಟು ದಿನದ ಬಡ್ಡಿ ನಿಮ್ಮ ತಲೆ ಮೇಲೆ.

ಅಪ್ಪ ಎಚ್-1ಬಿ, ಮಗಳು ಎಚ್-4. ಅವಳಿಗೂ ಐ-20 ತಾಪತ್ರಯ ಇದೆಯಾ?

ಎಚ್-1ಬಿ ಉದ್ಯೋಗ ವೀಸಾ ಇರುವವರ ಮಕ್ಕಳಿಗೆ ಸಿಗುವ ಎಚ್-4ರಲ್ಲೇ ಓದಬಹುದು, ಐ-20 ಬೇಕಿಲ್ಲ. ಹಾಗಾಗಿ ಕೊನೆ ಗಳಿಗೆಯ ಬದಲಾವಣೆ ಅವರಿಗೆ ಸಲೀಸು. ಆದರೆ 21 ತುಂಬಿದಾಗ ಎಚ್-4 ಮುಗಿಯುತ್ತದೆ, ಪದವಿಯ ನಡುವೆಯೇ ಎಫ್-1ಗೆ ಬದಲಾಗಬೇಕಾಗಬಹುದು. ರಾಜ್ಯದೊಳಗಿನವರಿಗೆ ಸಿಗುವ ಕಡಿಮೆ ಫೀಸು ಹೊಸ ಕಾಲೇಜಿನ ರಾಜ್ಯದಲ್ಲಿ ಸಿಗುತ್ತದೆಯೇ, ಎಫ್-1 ಆದ ಮೇಲೂ ಉಳಿಯುತ್ತದೆಯೇ ಎಂದು ಡೆಪಾಸಿಟ್ ಕಟ್ಟುವ ಮುಂಚೆಯೇ ಕೇಳಿ.

ಈ ವರ್ಷ ಕರೆ ಬರಲೇ ಇಲ್ಲ. ಮುಂದಿನ ವರ್ಷ ಅದೇ ಕಾಲೇಜಿಗೆ ಹೋಗಬಹುದಾ?

ಟ್ರಾನ್ಸ್‌ಫರ್ ಅರ್ಜಿ ಹಾಕಬಹುದು, ಈ ಬಾರಿಯ ವೇಟ್‌ಲಿಸ್ಟ್ ಅದಕ್ಕೆ ಅಡ್ಡಿಯಲ್ಲ. ಮುಖ್ಯವಾಗಿ ಮೊದಲ ಸೆಮಿಸ್ಟರ್‌ನ ಗ್ರೇಡ್ ನೋಡುತ್ತಾರೆ. ಹಲವು ಖಾಸಗಿ ಕಾಲೇಜುಗಳಿಗೆ ಮಾರ್ಚ್ ಹೊತ್ತಿಗೆ ಅರ್ಜಿ ಹೋಗಬೇಕು. ಕ್ಯಾಲಿಫೋರ್ನಿಯಾದ ಯುಸಿ ಕ್ಯಾಂಪಸ್‌ಗಳು ಟ್ರಾನ್ಸ್‌ಫರ್‌ನಲ್ಲಿ ತಮ್ಮ ರಾಜ್ಯದ ಕಮ್ಯುನಿಟಿ ಕಾಲೇಜಿನವರಿಗೆ ಆದ್ಯತೆ ಕೊಡುತ್ತವೆ, ಅಲ್ಲಿ ಹೊರಗಿನವರಿಗೆ ಜಾಗ ಕಡಿಮೆ. ಎಫ್-1ನಲ್ಲಿ ಆಗಲೇ ಅಮೆರಿಕದಲ್ಲಿ ಇರುವವರ ಸೆವಿಸ್ ದಾಖಲೆಯನ್ನು ಡಿಎಸ್‌ಒ ವರ್ಗಾಯಿಸುತ್ತಾರೆ. ಅವಧಿ ಮುಗಿಯದ ವೀಸಾ ಇದ್ದರೆ ಕಾಲೇಜು ಬದಲಾಯಿತೆಂದು ಹೊಸ ವೀಸಾ ಬೇಕಿಲ್ಲ. ಸೇರಿದ ದಿನದಿಂದಲೇ ಪ್ರತಿ ವಿಷಯದ ಸಿಲಬಸ್ ಪಿಡಿಎಫ್ ಅನ್ನು ಇಳಿಸಿ ಇಟ್ಟುಕೊಳ್ಳಲಿ. ಕ್ರೆಡಿಟ್ ಒಪ್ಪುವಾಗ ಹೊಸ ಕಾಲೇಜು ಕೇಳುವುದು ಅದನ್ನೇ, ಸೆಮಿಸ್ಟರ್ ಮುಗಿದ ಮೇಲೆ ಪೋರ್ಟಲ್‌ನಲ್ಲಿ ಅದು ಸಿಗದೇ ಹೋಗಬಹುದು.